ಗಂಜಿಯ ಲೆಕ್ಕ ಕೇಳೋಣ

ಅಳುವವರನ್ನು ನಾವು ಬಹಳ ನೋಡಿದ್ದೇವೆ. ಅತ್ತು, ಮುಖ ತೊಳೆದು, ಉಂಡು ಮಲಗಿದವರನ್ನೂ ನೋಡಿದ್ದೇವೆ. ಆ ಕಣ್ಣೀರಿನಿಂದ ಯಾವ ಕೇರಿಯ ಒಲೆಯೂ ಹೊತ್ತಿಲ್ಲ. ಒಂದು ಸಿನಿಮಾದ ನೆಪದಲ್ಲಿ ಈ ಅಳುವಿನ ಬಗ್ಗೆಯೇ ನಾಲ್ಕು ಮಾತು ಆಡಬೇಕಾಗಿದೆ.

ಸಿನಿಮಾ ಜಪಾನಿನದು. ಇಸಾವೊ ತಕಾಹಾತಾ 1988ರಲ್ಲಿ ತೆಗೆದ 'ಗ್ರೇವ್ ಆಫ್ ದಿ ಫೈರ್‌ಫ್ಲೈಸ್', ಅಂದರೆ ಮಿಂಚುಹುಳಗಳ ಗೋರಿ. ಕೈಯಿಂದ ಬರೆದ ಚಿತ್ರಗಳ ಸಿನಿಮಾ, ಆದರೆ ಮಕ್ಕಳಾಟಿಕೆಯಲ್ಲ. 1945ರಲ್ಲಿ ಅಮೆರಿಕದ ವಿಮಾನಗಳು ಕೋಬೆ ನಗರವನ್ನು ಸುಟ್ಟಾಗ ತಾಯಿ ಸಾಯುತ್ತಾಳೆ. ಅಪ್ಪ ನೌಕಾಪಡೆಯಲ್ಲಿ. ಹದಿನಾಲ್ಕರ ಸೇಯ್ತಾ, ನಾಲ್ಕರ ತಂಗಿ ಸೆಟ್ಸುಕೊ ನೆಂಟರ ಮನೆ ಸೇರುತ್ತಾರೆ. ಅಲ್ಲಿಂದ ನೀರದಂಡೆಯ ಗವಿಗೆ, ಗವಿಯಿಂದ ಸಾವಿಗೆ. ಮೂಲ ಕತೆಯನ್ನು ಅಕಿಯುಕಿ ನೊಸಾಕಾ 1967ರಲ್ಲಿ ಬರೆದ. ಅವನ ಪುಟ್ಟ ತಂಗಿಯೂ 1945ರಲ್ಲಿ ಹೊಟ್ಟೆಗಿಲ್ಲದೆ ಸತ್ತವಳು.

ಬಿಂಕದಕಟ್ಟಿಯಲ್ಲಿ ನಾವು ಕೆಲವರು ಕೂಡಿ ಇದನ್ನು ನೋಡಿದೆವು. ಬೇರೆ ಕಡೆ ನೋಡಿದವರ ಮಾತನ್ನೂ ಕೇಳಿದೆವು. ಒಟ್ಟು ಮೂರು ಬಗೆಯ ಮಾತು.

ಒಂದು: "ಅಯ್ಯೋ ಪಾಪ, ಇನ್ನೊಮ್ಮಿ ನೋಡಾಕ ಆಗೂದಿಲ್ಲ." ಎರಡು: "ಇಂಥಾದ್ದ್ಯಾಕ ತೋರಸ್ತಾರ? ಮನಸ್ಸಿಗೆ ಹಿತ ಅನ್ನೂದು ಬ್ಯಾಡೇನು?" ಮೂರು: "ಹುಡುಗಗ ಸೊಕ್ಕು. ಆಕಿ ಮನ್ಯಾಗ ತಗ್ಗಿಬಗ್ಗಿ ಇದ್ದಿದ್ರ ಕೂಸು ಉಳೀತಿತ್ತು."

ಮೊದಲನೆಯವರಿಗೆ ಹೇಳುತ್ತೇವೆ. ನಮ್ಮೂರಿನ ಮೃಗಾಲಯಕ್ಕೆ ರಜೆಯ ದಿನ ಗದಗಿನಿಂದ ಜನ ಬರುತ್ತಾರೆ. ಪಂಜರದ ಪ್ರಾಣಿ ಕಂಡು 'ಪಾಪ' ಅನ್ನುತ್ತಾರೆ, ಶೇಂಗಾ ತಿನ್ನುತ್ತಾರೆ, ಹೋಗುತ್ತಾರೆ. ಕರುಣೆಗೂ ಟಿಕೀಟಿದೆ! ಎರಡನೆಯವರಿಗೆ ಒಂದೇ ಮಾತು: ನಿಮ್ಮ ಹಿತಕ್ಕೆ ನಮ್ಮ ಹಸಿವು ಅಡ್ಡ ಬಂದಿದ್ದರೆ ತಪ್ಪು ಹಸಿವಿನದಲ್ಲ.

ನಿಜವಾದ ಜಗಳ ಮೂರನೆಯವರ ಜೊತೆ. ಯಾಕೆಂದರೆ ಅವರ ಕೈಯಲ್ಲಿ ವಾದವಿದೆ. ಇದು ಯುದ್ಧವಿರೋಧಿ ಚಿತ್ರವಲ್ಲ ಎಂದು ತಕಾಹಾತಾನೇ ಹೇಳಿದ್ದ. ಸಮಾಜದಿಂದ ಕಡಿದುಕೊಂಡು ಬದುಕಹೊರಟ ಹುಡುಗನ ಸೋಲು ಇದರಲ್ಲಿದೆ ಎಂದಿದ್ದ. ಆಗಲಿ, ಒಪ್ಪೋಣ. ಆದರೆ ಮೊದಲು ಕಡಿದವರು ಯಾರು? ಗಂಜಿಯ ಲೆಕ್ಕ ತೆಗೆಯಿರಿ. ಸತ್ತ ತಾಯಿಯ ಸೀರೆಯಂಥ ಬಟ್ಟೆಗಳನ್ನು ಕೊಟ್ಟು ಆ ಮನೆಯಾಕೆ ಅಕ್ಕಿ ತರುತ್ತಾಳೆ. ಅದೇ ಅಕ್ಕಿ ದುಡಿಯುವವರಿಗೆ ಅನ್ನದುಂಡೆಯಾಗುತ್ತದೆ, ಈ ಮಕ್ಕಳಿಗೆ ನೀರುಗಂಜಿಯಾಗುತ್ತದೆ. ಜೊತೆಗೆ 'ಕೂತು ತಿನ್ನುತ್ತೀರಿ' ಎಂಬ ಮೂದಲಿಕೆ. ಅದು ನಮ್ಮ ಅಕ್ಕಿಯಲ್ಲವೇ ಎಂದು ಆ ನಾಲ್ಕು ವರ್ಷದ ಕೂಸು ಕೇಳುತ್ತದೆ. ಈ ಪ್ರಶ್ನೆಯನ್ನು ಸೊಕ್ಕು ಅನ್ನುವವರು ಯಾರು? ನಮ್ಮ ಅಪ್ಪ ಜೀತದ ಮನೆಯಲ್ಲಿ ಕೂಲಿ ಕೇಳಿದಾಗ ಸೊಕ್ಕು ಅಂದವರೇ! ತಾವು ಬೆಳೆದ ಜೋಳವನ್ನೇ ಸೆರಗೊಡ್ಡಿ ಪಡೆದ ನಮ್ಮ ಅವ್ವಂದಿರಿಗೆ ಈ ಕತೆ ತಿಳಿಯಲು ಜಪಾನೀ ಭಾಷೆ ಬೇಕಾಗಲಿಲ್ಲ.

ಇನ್ನೊಂದು ಗಮನಿಸಿ. ಸಿನಿಮಾ ಶುರುವಾಗುವುದೇ ರೈಲು ನಿಲ್ದಾಣದಲ್ಲಿ ಸಾಯುತ್ತಿರುವ ಸೇಯ್ತಾನಿಂದ. ಜನ ಅವನನ್ನು ದಾಟಿಕೊಂಡು ಹೋಗುತ್ತಾರೆ. ಮುಂದೆ, ಕೂಸಿಗೆ ಪೌಷ್ಟಿಕ ಆಹಾರ ಕೊಡು ಎಂದು ಹೇಳಿ ವೈದ್ಯ ಕೈ ತೊಳೆದುಕೊಳ್ಳುತ್ತಾನೆ. ಎಲ್ಲಿಂದ ತರಲಿ ಎಂದು ಹುಡುಗ ಕೂಗಿದರೆ ಉತ್ತರವಿಲ್ಲ. ಇವರಾರೂ ಬಾಂಬು ಹಾಕಿದವರಲ್ಲ, ಮರ್ಯಾದಸ್ಥರು! ಅಂದರೆ ಪ್ರೇಕ್ಷಕ ಪರದೆಯ ಒಳಗೇ ಇದ್ದಾನೆ. ನಾವು ಅಳುತ್ತಾ ನೋಡುತ್ತಿರುವುದು ನಮ್ಮನ್ನೇ.

'ಚೋಮನ ದುಡಿ'ಯ ಪಾಡೂ ಇದೇ ಆಯಿತು. ಕಾರಂತರ ಕಾದಂಬರಿ 1933ರದ್ದು, ಬಿ. ವಿ. ಕಾರಂತರ ಸಿನಿಮಾ 1975ರಲ್ಲಿ ಬಂದು ಸ್ವರ್ಣಕಮಲ ಪಡೆಯಿತು. ಅಲ್ಲಿ ಚೋಮನ ಮಗ ನೀರಲ್ಲಿ ಮುಳುಗುತ್ತಾನೆ. ಮುಟ್ಟಿದರೆ ಮೈಲಿಗೆಯೆಂದು ದಂಡೆಯ ಜನ ನಿಂತು ನೋಡುತ್ತಾರೆ. ಥೇಟರಿನಲ್ಲಿ ಎಲ್ಲರೂ ಅತ್ತರು. ಹೊರಗೆ ಬಂದ ಮೇಲೆ ಎಷ್ಟು ಬಾವಿಗಳು ತೆರೆದವು? ದಲಿತ ತಾಯಿ ಬೇಯಿಸಿದಳೆಂದು ಮಗುವನ್ನು ಬಿಸಿಯೂಟದಿಂದ ಎಬ್ಬಿಸುವವರು ಇವತ್ತಿಗೂ ಇದ್ದಾರಲ್ಲ!

ನಮ್ಮ ಗೆಳೆಯರೇ ಒಬ್ಬರು ತಕರಾರು ಎತ್ತಿದರು: "ಆ ಹುಡುಗ ನೌಕಾಪಡೆಯ ಅಧಿಕಾರಿಯ ಮಗ. ಆ ಸೈನ್ಯ ಚೀನಾ, ಕೊರಿಯಾದಲ್ಲಿ ಎಷ್ಟು ಮಕ್ಕಳನ್ನು ಪರದೇಶಿ ಮಾಡಿತು? ಅವರಿಗೆ ಅಳುವವರ್ಯಾರು?" ತಕರಾರು ಸರಿಯಾಗಿದೆ. 1910ರಿಂದ 1945ರವರೆಗೆ ಕೊರಿಯಾವನ್ನು ತುಳಿದದ್ದು ಇದೇ ಜಪಾನು. ಸಿನಿಮಾ ಅದನ್ನು ಹೇಳುವುದಿಲ್ಲ, ನಾವು ಹೇಳಬೇಕು. ಆದರೆ ಅಪ್ಪನ ಪಾಪವನ್ನು ನಾಲ್ಕು ವರ್ಷದ ಕೂಸಿನ ತಲೆಗೆ ಕಟ್ಟುವುದು ಕರ್ಮಸಿದ್ಧಾಂತ. ಅದರ ಏಟು ತಿಂದವರು ನಾವು. ಅದನ್ನು ಇನ್ನೊಬ್ಬರ ಮಕ್ಕಳ ಮೇಲೆ ಎತ್ತುವುದಿಲ್ಲ.

ಅದೇ ಯುದ್ಧಕಾಲದಲ್ಲಿ, 1943ರಲ್ಲಿ, ಬಂಗಾಳದಲ್ಲಿ ಸುಮಾರು 30 ಲಕ್ಷ ಜನ ಸತ್ತರು. ಹೆಚ್ಚು ಸತ್ತವರು ಹೊಲದ ಕೂಲಿಗಳು, ಮೀನುಗಾರರು. ಅಕ್ಕಿ ಇತ್ತು, ಕೊಳ್ಳುವ ಶಕ್ತಿ ಅವರಿಗಿರಲಿಲ್ಲ. 2025ರ ಆಗಸ್ಟಿನಲ್ಲಿ ಗಾಜಾದಲ್ಲಿ ಕ್ಷಾಮವಿದೆಯೆಂದು ವಿಶ್ವಸಂಸ್ಥೆ ಬೆಂಬಲದ ತಜ್ಞರು ಸಾರಿದರು. ಗಡಿಯಾಚೆ ಆಹಾರದ ಲಾರಿಗಳು ನಿಂತೇ ಇದ್ದವು. ಹಸಿವು ಆಕಾಶದಿಂದ ಬೀಳುವುದಿಲ್ಲ. ಅದನ್ನು ಹಂಚುವವರಿದ್ದಾರೆ.

ಹಳ್ಳಿಯ ಮೇಷ್ಟ್ರುಗಳೇ, ಗೆಳೆಯರೇ, ಈ ಸಿನಿಮಾವನ್ನು ಊರಲ್ಲಿ ತೋರಿಸಿ. ಮುಗಿದ ಮೇಲೆ ಅಳಲು ಬಿಡಿ, ಅಳು ಮನುಷ್ಯರದ್ದೇ. ಆದರೆ ಯಾರನ್ನೂ ಏಳಗೊಡಬೇಡಿ. ದೀಪ ಹಚ್ಚಿ ಕೇಳಿ: ಅಕ್ಕಿ ಯಾರದಿತ್ತು? ಅಳೆದವರು ಯಾರು? ದಾಟಿಹೋದವರು ಯಾರು? ನಮ್ಮ ಊರಿನಲ್ಲಿ ಈ ಮೂವರ ಹೆಸರೇನು? ಹೆಸರು ಹೇಳಲು ಬಾಯಿ ತೆರೆದ ದಿನ ಆ ಕೂಸಿನ ಸಾವಿಗೆ ನಾವು ಲೆಕ್ಕ ಕೇಳಲು ಶುರು ಮಾಡಿದಂತೆ.