ಏನ್ ಜನ ನೀವು?

ಹುಣಸೂರಿನಲ್ಲಿ ಗೆಳೆಯನ ಆರತಕ್ಷತೆ. ವೇದಿಕೆ ಮೇಲೆ ಆರ್ಕೆಸ್ಟ್ರಾ. ಹೊಸ ಸಿನಿಮಾದ ನಾಲ್ಕೈದು ಹಾಡು ಆದ್ಮೇಲೆ ಗಾಯಕ ‘ಕುಲದಲ್ಲಿ ಕೀಳ್ಯಾವುದೋ’ ಶುರು ಮಾಡಿದ ನೋಡಿ, ಅಲ್ಲಿವರೆಗೆ ಮೊಬೈಲ್ ನೋಡ್ಕೊಂಡು ಕೂತಿದ್ದ ಅರ್ಧ ಛತ್ರ ಎದ್ದು ನಿಂತಿತು. ಬೆಂಗಳೂರಿಂದ ಒಂದೇ ಕಾರಲ್ಲಿ ಬಂದಿದ್ದ ನಾವು ಐದು ಜನ ಆಫೀಸಿನವರೂ ಕುಣಿದೆವು. ‘ಏನ್ ವಿಂಟೇಜ್ ಫೀಲ್ ಗುರು!’ ಅಂದ ಒಬ್ಬ. ‘ಇಂಥ ಹಾಡು ಈಗ ಯಾರು ಬರೀತಾರೆ?’ ಅಂದಳು ಇನ್ನೊಬ್ಬಳು.

ಹಾಡು ಮುಗೀತು, ಊಟಕ್ಕೆ ಕೂತೆವು. ಪಕ್ಕದ ಎಲೆಯ ಹಿರಿಯರು, ನಮಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದವರು, ಊರು ಕೇಳಿದರು, ಕೆಲಸ ಕೇಳಿದರು, ತಂದೆ ಹೆಸರು ಕೇಳಿದರು. ಆಮೇಲೆ ಮೆಲ್ಲಗೆ, ‘ಏನ್ ಜನ ನೀವು?’ ನಾನು ಹೇಳಿದೆ. ‘ಓ, ನಮ್ಮೋರೇ ಬುಡಿ’ ಅಂತ ಖುಷಿಯಾಗಿ ನನ್ನೆಲೆಗೆ ಇನ್ನೊಂದು ಒಬ್ಬಟ್ಟು ಹಾಕಿಸಿದರು. ನಾನು ತಿಂದೆ. ಆ ಒಬ್ಬಟ್ಟು ಇನ್ನೂ ಜೀರ್ಣ ಆಗಿಲ್ಲ, ಅದಕ್ಕೇ ಇದನ್ನು ಬರೀತಿದ್ದೇನೆ.

ಆ ಹಾಡು ಬರೆದವರು ಹುಣಸೂರು ಕೃಷ್ಣಮೂರ್ತಿ. ಕಂಪನಿ ನಾಟಕಗಳಲ್ಲಿ ಪಳಗಿ ಸಿನಿಮಾಕ್ಕೆ ಬಂದವರು. 1965ರ ‘ಸತ್ಯಹರಿಶ್ಚಂದ್ರ’ ನಿರ್ದೇಶಿಸಿ ಅದರ ಹಾಡುಗಳನ್ನೂ ಬರೆದರು. ಪೆಂಡ್ಯಾಲ ನಾಗೇಶ್ವರರಾವ್ ಸಂಗೀತ, ಘಂಟಸಾಲರ ದನಿ. ಹೊಸದಾಗಿ ಬಂದಾಗಲೇ ಆ ಹಾಡುಗಳದ್ದು ಹಳೇ ದಾಟಿ: ಒಂದರಲ್ಲಿ ರಂಗಗೀತೆಯ ಗತ್ತು, ಇನ್ನೊಂದರಲ್ಲಿ ಹಳ್ಳಿ ಪದದ ಕುಣಿತ. 2008ರಲ್ಲಿ ಬಣ್ಣ ತುಂಬಿಕೊಂಡು ಚಿತ್ರ ಮತ್ತೆ ತೆರೆಗೆ ಬಂತು. ತೆರೆ ಮೇಲೆ ಈ ಹಾಡು ಹಾಡೋದು ಯಾರು? ರಾಜನಲ್ಲ, ಋಷಿಯಲ್ಲ. ಸುಡುಗಾಡಿನ ಒಡೆಯ ವೀರಬಾಹು, ಎಂ.ಪಿ. ಶಂಕರ್ ಮಾಡಿದ ಪಾತ್ರ. ಸೂರ್ಯವಂಶದ ಅರಸನನ್ನೇ ದುಡ್ಡು ಕೊಟ್ಟು ಆಳಾಗಿ ಕೊಳ್ಳುವವನು. ಮೇಲು ಯಾವುದು, ಕೀಳು ಯಾವುದು ಅಂತ ಕೇಳ್ತಿರೋನು ಅವನು.

ಅರವತ್ತು ವರ್ಷ ಆಯ್ತು. ಕೇಳುಗರಾದ ನಮ್ಮ ಪ್ರತಿಕ್ರಿಯೆ ನೋಡಿ. ಒಂದು ಗುಂಪಿಗೆ ಆ ಕಾಲದ ಸಂಗೀತವೇ ಸಂಗೀತ, ಈಗಿನದೆಲ್ಲ ಗದ್ದಲ. ಇನ್ನೊಂದು ಗುಂಪಿಗೆ ಯಾರಾದರೂ ರೀಮಿಕ್ಸ್ ಮಾಡಿದರೆ ಘಂಟಸಾಲರಿಗೆ ಅವಮಾನ ಅಂತ ಸಿಟ್ಟು. ಮೂರನೆಯವರು ನಾವು, ಹೆಡ್‌ಫೋನ್ ಹಾಕ್ಕೊಂಡು ‘ಎಂಥ ರಾ ಸೌಂಡ್’ ಅನ್ನೋರು. ಮೂರೂ ಗುಂಪಿನವರು ತಾಳ, ದನಿ, ಕಾಲ ಇಷ್ಟನ್ನೇ ಮಾತಾಡ್ತೀವಿ. ಹಾಡು ಕೇಳಿದ ಪ್ರಶ್ನೆಗೆ ಯಾರೂ ಉತ್ತರ ಕೊಡಲ್ಲ. ‘ಹಳೇ ಹಾಡು’ ಅಂದ ಕೂಡಲೇ ಅದರೊಳಗಿನ ಪ್ರಶ್ನೆಯೂ ಅಜ್ಜನ ಕಾಲದ್ದು ಅಂತ ನೆಮ್ಮದಿಯಾಗಿಬಿಡ್ತೀವಿ. ನನ್ನ ತಕರಾರು ಇದೇ.

ಸಿನಿಮಾ ಹಾಡಿಗಷ್ಟೇ ಹೀಗಲ್ಲ. ಪಕ್ಕದ ಕೆ.ಆರ್. ನಗರ ತಾಲ್ಲೂಕಿನಲ್ಲಿ, ಕಾವೇರಿ ದಡದ ಕಪ್ಪಡಿಯಲ್ಲಿ, ಶಿವರಾತ್ರಿ ಹೊತ್ತಿಗೆ ರಾಚಪ್ಪಾಜಿ ಜಾತ್ರೆ ಶುರುವಾಗುತ್ತೆ. ರಾಚಪ್ಪಾಜಿ ಮಂಟೇಸ್ವಾಮಿಯವರ ಶಿಷ್ಯ. ಮಂಟೇಸ್ವಾಮಿ ಕಾವ್ಯವನ್ನು ತಂಬೂರಿ ಹಿಡಿದು ಹಾಡೋರು ನೀಲಗಾರರು. ಆ ಕಾವ್ಯದಲ್ಲಿ ಮಂಟೇಸ್ವಾಮಿ ಕೊಳಕು ವೇಷದಲ್ಲಿ ಕಲ್ಯಾಣಕ್ಕೆ ಹೋಗ್ತಾರೆ. ಎಲ್ಲರೂ ಸಮ ಅಂತ ಹೇಳಿದ ಊರಿನ ಬಾಗಿಲಲ್ಲೇ ಅವರನ್ನು ತಡೀತಾರೆ. ಬಸವಣ್ಣನವರ ಊರಿಗೇ ಪರೀಕ್ಷೆ ಇಟ್ಟ ಕತೆ ಅದು. ನಾವೋ, ಅದರ ಮೂವತ್ತು ಸೆಕೆಂಡಿನ ರೀಲ್ ಮಾಡಿ, ‘ನಮ್ಮ ಮಣ್ಣಿನ ಸೊಗಡು’ ಅಂತ ಬರೆದು ಕಾರು ಹತ್ತುತ್ತೀವಿ.

‘ಹಾಡನ್ನ ಹಾಡಾಗಿ ಕೇಳಪ್ಪ, ಅದಕ್ಕೂ ಜಾತಿ ತಂದ್ಯಾ?’ ಅಂತ ನೀವು ಕೇಳಬಹುದು. ನಾನು ತಂದಿದ್ದಲ್ಲ ಸ್ವಾಮಿ, ಹಾಡಿನ ಮೊದಲ ಪದದಲ್ಲೇ ಇದೆ. ಒಂದು ಮಾತು ಒಪ್ತೀನಿ: ಆ ದಾಟಿ ಇಲ್ಲದಿದ್ದರೆ ಆ ಪ್ರಶ್ನೆ ಇಷ್ಟು ವರ್ಷ ಬದುಕ್ತಿರಲಿಲ್ಲ. ಭಾಷಣ ಆಗಿದ್ದರೆ ಯಾವ ಛತ್ರದಲ್ಲೂ ಯಾರೂ ಎದ್ದು ಕುಣೀತಿರಲಿಲ್ಲ. ಪಿರಿಯಾಪಟ್ಟಣದ ಹೊಗೆಸೊಪ್ಪಿನ ಬ್ಯಾರನ್ ಮುಂದೆ ರಾತ್ರಿಯೆಲ್ಲ ಸೌದೆ ತಳ್ಳುತ್ತಾ ಕೂತವರ ಬಾಯಿಗೂ, ಎಚ್.ಡಿ. ಕೋಟೆ ಬಸ್ಸಿಗೆ ಕಾಯುತ್ತಾ ನಿಂತವರ ಬಾಯಿಗೂ ಅದು ಬರೋದು ಕುಣಿತದ ದಾಟಿಯಿಂದಲೇ. ದಾಟಿ ಅನ್ನೋದು ಎತ್ತಿನ ಗಾಡಿ. ನಾವು ಗಾಡಿ ಎಷ್ಟು ಚೆಂದ ಅಂತ ಹೊಗಳ್ತಾ, ಸರಕು ಇಳಿಸಿಕೊಳ್ಳದೇ ವಾಪಸ್ ಕಳಿಸ್ತಿದ್ದೀವಿ.

ಇದು ಊರ ಕಡೆ ಹಿರಿಯರ ಕತೆ ಅಂತ ನಗಬೇಡಿ. ಬೆಂಗಳೂರಲ್ಲಿ ಬಾಡಿಗೆ ಮನೆ ನೋಡಕ್ಕೆ ಹೋದಾಗ ‘ವೆಜ್ಜಾ, ನಾನ್‌ವೆಜ್ಜಾ?’ ಅಂತಾರಲ್ಲ, ಅದು ಬರೀ ಊಟದ ವಿಚಾರವಾ? ಮ್ಯಾಟ್ರಿಮೊನಿ ಆ್ಯಪಿನಲ್ಲಿ ಜಾತಿ, ಉಪಜಾತಿಗೆ ಟಿಕ್ ಹಾಕುವಾಗ ಕಿವಿಯಲ್ಲಿ ಯಾವ ಪ್ಲೇಲಿಸ್ಟ್ ಓಡ್ತಿರುತ್ತೆ? ಆ ಹಿರಿಯರು ಬಾಯಿಬಿಟ್ಟು ಕೇಳಿದರು, ನಾವು ಫಿಲ್ಟರ್ ಹಾಕಿ ಕೇಳ್ತೀವಿ. ಕೇಳಿದ್ದು ಅವರ ತಪ್ಪಾದರೆ, ಹೇಳಿದ್ದು ನನ್ನ ತಪ್ಪು. ನಾನು ಬೇರೆ ಜನದ ಹೆಸರು ಹೇಳಿದ್ದರೆ ಆ ಒಬ್ಬಟ್ಟು ನನ್ನೆಲೆಗೆ ಬೀಳ್ತಿತ್ತಾ? ಅದನ್ನು ಯೋಚಿಸದೇ ತಿನ್ನೋ ಸುಖ ಕೆಲವರಿಗೆ ಮಾತ್ರ ಇದೆ. ನನಗಿತ್ತು.

ಮುಂದಿನ ತಿಂಗಳು ಪಿರಿಯಾಪಟ್ಟಣದಲ್ಲಿ ಇನ್ನೊಂದು ಮದುವೆ. ಆರ್ಕೆಸ್ಟ್ರಾ ಇದೆಯಂತೆ. ಆ ಹಾಡು ಹಾಡೇ ಹಾಡ್ತಾರೆ, ನಾನೂ ಕುಣಿದೇ ಕುಣೀತೀನಿ. ಊಟಕ್ಕೆ ಕೂತಾಗ ಪಕ್ಕದವರು ಕೇಳೇ ಕೇಳ್ತಾರೆ. ಈ ಸಲ ಹೇಳಬಾರದು ಅಂದ್ಕೊಂಡಿದ್ದೀನಿ. ನೀವೂ ಹೇಳಬೇಡಿ.