ದಳಪತಿಗೆ ಆಡಳಿತ ಒಲಿಯುವುದೇ?

ಆಡಳಿತ ಹದಗೆಟ್ಟಾಗಲೆಲ್ಲ ಒಂದು ಮಾತು ಕೇಳಿಬರುತ್ತದೆ: ಸೈನ್ಯದವರ ಕೈಗೆ ಕೊಟ್ಟು ನೋಡಲಿ, ಎಲ್ಲ ನೆಟ್ಟಗಾಗುತ್ತದೆ. 1990ರ ದಶಕದ ರಷ್ಯಾದಲ್ಲಿ ಈ ನಂಬಿಕೆಗೆ ಜನರಲ್ ಅಲೆಕ್ಸಾಂಡರ್ ಲೆಬೆದ್ ಎಂಬ ನಾಯಕ ಸಿಕ್ಕಿದ್ದರು. ಆ ಮಾತಿನಲ್ಲಿ ಕಾಳೆಷ್ಟು, ಜೊಳ್ಳೆಷ್ಟು ಎಂಬುದನ್ನು ಅವರ ಬದುಕು ತೋರಿಸಿಕೊಡುತ್ತದೆ.

ಪ್ಯಾರಾಶೂಟ್ ಪಡೆಯ ಅಧಿಕಾರಿಯಾಗಿದ್ದ ಲೆಬೆದ್ ಅಫ್ಘಾನಿಸ್ತಾನದಲ್ಲಿ ಬೆಟಾಲಿಯನ್ ಮುನ್ನಡೆಸಿದವರು. 1992ರಲ್ಲಿ ಮೊಲ್ಡೊವಾದ ಟ್ರಾನ್ಸ್‌ನಿಸ್ಟ್ರಿಯಾದಲ್ಲಿ ರಷ್ಯಾದ 14ನೇ ಸೇನೆಯ ಹೊಣೆ ಹೊತ್ತು, ಫಿರಂಗಿ ಬಲದಿಂದ ಅಲ್ಲಿನ ಕಾಳಗವನ್ನು ಕೊನೆಗಾಣಿಸಿದರು. 1995ರಲ್ಲಿ ಸೇನೆ ಬಿಟ್ಟರು. ಮರುವರ್ಷದ ಅಧ್ಯಕ್ಷ ಚುನಾವಣೆಯಲ್ಲಿ ಶೇ 15ರ ಹತ್ತಿರ ಮತ ಪಡೆದು ಮೂರನೆಯವರಾದಾಗ, ಆಗಿನ ಅಧ್ಯಕ್ಷ ಯೆಲ್ಟ್ಸಿನ್, ಲೆಬೆದ್ ಅವರನ್ನು ಭದ್ರತಾ ಮಂಡಳಿಯ ಕಾರ್ಯದರ್ಶಿಯನ್ನಾಗಿ ಮಾಡಿದರು. 1996ರ ಆಗಸ್ಟ್ 31ರಂದು ಖಾಸವ್ಯುರ್ತ್ ಪಟ್ಟಣದಲ್ಲಿ ಚೆಚೆನ್ ದಂಡನಾಯಕ ಅಸ್ಲನ್ ಮಸ್ಖಾದೊವ್ ಜೊತೆ ಲೆಬೆದ್ ಒಪ್ಪಂದಕ್ಕೆ ಸಹಿ ಹಾಕಿ, ರಷ್ಯಾದಿಂದ ಬೇರೆಯಾಗಲು ಹೊರಟಿದ್ದ ಚೆಚನ್ಯಾದಲ್ಲಿನ ಮೊದಲ ಯುದ್ಧವನ್ನು ಮುಗಿಸಿದರು. ಮಸ್ಖಾದೊವ್ ಕೂಡ ಸೋವಿಯತ್ ಫಿರಂಗಿ ದಳದ ಕರ್ನಲ್ ಆಗಿದ್ದವರು. ರಕ್ತದ ಬೆಲೆ ಇಬ್ಬರಿಗೂ ಗೊತ್ತಿತ್ತು. ಸೈನಿಕನೊಬ್ಬ ರಾಜಕೀಯಕ್ಕೆ ತರಬಲ್ಲ ದೊಡ್ಡ ಸಂಪತ್ತು ಈ ಅರಿವೇ.

ಆದರೆ ಯುದ್ಧ ನಿಲ್ಲಿಸುವುದು ಬೇರೆ, ನಾಡು ನಡೆಸುವುದು ಬೇರೆ. ಒಪ್ಪಂದವಾದ ಎರಡು ತಿಂಗಳೊಳಗೆ ಹುದ್ದೆ ಕಳೆದುಕೊಂಡ ಲೆಬೆದ್, 1998ರಲ್ಲಿ ಸೈಬೀರಿಯಾದ ಕ್ರಾಸ್ನೊಯಾರ್ಸ್ಕ್ ಪ್ರಾಂತ್ಯದ ಗವರ್ನರ್ ಆಗಿ ಗೆದ್ದರು. ಅಲ್ಯೂಮಿನಿಯಂ, ನಿಕ್ಕಲ್, ಕಲ್ಲಿದ್ದಲಿನ ನಾಡು ಅದು. ಗೆಲುವಿಗೆ ಹೆಗಲು ಕೊಟ್ಟಿದ್ದ ಅಲ್ಯೂಮಿನಿಯಂ ಉದ್ಯಮಿಯೇ ಬೇಗ ಎದುರಾಳಿಯಾದರು. ಗವರ್ನರ್ ಹುದ್ದೆಯೇ ಕ್ರೆಮ್ಲಿನ್‌ಗೆ ಮೆಟ್ಟಿಲೆಂದು ಹಲವರು ಎಣಿಸಿದ್ದರೂ 2000ದ ಅಧ್ಯಕ್ಷ ಚುನಾವಣೆಗೆ ಲೆಬೆದ್ ನಿಲ್ಲಲಿಲ್ಲ. 2002ರ ಏಪ್ರಿಲ್‌ನಲ್ಲಿ ಹೆಲಿಕಾಪ್ಟರ್ ದುರಂತದಲ್ಲಿ ತೀರಿಕೊಂಡರು. ಅತ್ತ 1997ರಲ್ಲಿ ಚೆಚನ್ಯಾದ ಅಧ್ಯಕ್ಷರಾಗಿ ಆಯ್ಕೆಯಾದ ಮಸ್ಖಾದೊವ್‌ಗೆ, ತಮ್ಮ ಜೊತೆಯಲ್ಲೇ ಕಾದಾಡಿದ್ದ ದಳಪತಿಗಳನ್ನು ಅಂಕೆಯಲ್ಲಿಡಲಾಗಲಿಲ್ಲ. 1999ರಲ್ಲಿ ಮತ್ತೆ ಯುದ್ಧ ಬಂತು.

ಇಬ್ಬರಲ್ಲೂ ಧೈರ್ಯಕ್ಕೆ ಕೊರತೆಯಿರಲಿಲ್ಲ. ತೊಡಕಿದ್ದದ್ದು ಅಧಿಕಾರದ ಸ್ವರೂಪದಲ್ಲಿ. ಸೇನೆಯಲ್ಲಿ ಆಜ್ಞೆ ಕೇಳುವವನು ಪ್ರತಿಜ್ಞೆಗೆ ಕಟ್ಟುಬಿದ್ದವನು. ನಾಗರಿಕ ಬದುಕಿನಲ್ಲಿ ಹಾಗಲ್ಲ. ಶಾಸನಸಭೆ ಬಜೆಟ್ ತಡೆಹಿಡಿಯಬಹುದು, ಕಾರ್ಖಾನೆಯ ಒಡೆಯ ನ್ಯಾಯಾಲಯಕ್ಕೆ ಹೋಗಬಹುದು, ಸಂಬಳ ಸಿಗದ ಮೇಷ್ಟ್ರು ಮುಷ್ಕರ ಹೂಡಬಹುದು. ಇವರು ಯಾರೂ ಶಿಸ್ತು ಮುರಿದವರಲ್ಲ, ತಮ್ಮ ಹಕ್ಕು ಚಲಾಯಿಸಿದವರು. ಅವರನ್ನು ಒಪ್ಪಿಸಿ ಕರೆದೊಯ್ಯುವುದೇ ಆಡಳಿತ.

ಹಾಗಾದರೆ ಸೈನಿಕರು ಆಡಳಿತಕ್ಕೆ ಬರಲೇಬಾರದೇ? ಚೆಚನ್ಯಾದ ನೆರೆಯ ಇಂಗುಷೇತಿಯಾದ ರುಸ್ಲಾನ್ ಔಷೆವ್ ಅವರನ್ನು ನೋಡಿದರೆ ಹಾಗೆನ್ನಲು ಮನಸ್ಸು ಬಾರದು. ಅವರೂ ಅಫ್ಘಾನಿಸ್ತಾನದಲ್ಲಿ ಹೋರಾಡಿ ಸೋವಿಯತ್ ಒಕ್ಕೂಟದ ವೀರ ಪದವಿ ಪಡೆದ ಜನರಲ್. 1993ರಲ್ಲಿ ಆ ಪುಟ್ಟ ಗಣರಾಜ್ಯದ ಅಧ್ಯಕ್ಷರಾದ ಅವರು, 1999ರಲ್ಲಿ ಚೆಚನ್ಯಾದಿಂದ ಓಡಿಬಂದ ಎರಡು ಲಕ್ಷದಷ್ಟು ನಿರಾಶ್ರಿತರಿಗೆ ಬಾಗಿಲು ಮುಚ್ಚಲಿಲ್ಲ. 2001ರ ಕೊನೆಯಲ್ಲಿ ಅವಧಿ ಮುಗಿಯುವ ಮೊದಲೇ ಅಧಿಕಾರ ಬಿಟ್ಟರು. 2004ರಲ್ಲಿ ಬೆಸ್ಲಾನ್ ಪಟ್ಟಣದ ಶಾಲೆಯನ್ನು ಉಗ್ರರು ಹಿಡಿದಿಟ್ಟಾಗ, ಅಧಿಕಾರದಲ್ಲಿ ಇಲ್ಲದಿದ್ದರೂ ಒಳಹೊಕ್ಕು ಮಾತನಾಡಿ, ಹಸುಗೂಸುಗಳೂ ತಾಯಂದಿರೂ ಸೇರಿ 26 ಜನರನ್ನು ಹೊರತಂದರು. ಅಲ್ಲಿ ಕೆಲಸಕ್ಕೆ ಬಂದದ್ದು ಆಜ್ಞೆಯಲ್ಲ. ಅವರ ಮೇಲಿದ್ದ ಗೌರವ ಮತ್ತು ಅವರ ಸಂಯಮ.

ಆದ್ದರಿಂದ ಸಮವಸ್ತ್ರ ಕಳಚಿ ಮತ ಕೇಳಲು ಬಂದವರನ್ನು, ಎಷ್ಟು ಕಟ್ಟುನಿಟ್ಟಿನವರು ಎಂಬುದರಿಂದ ಅಳೆಯಬಾರದು. ಒಲ್ಲೆ ಎನ್ನುವ ಹಕ್ಕುಳ್ಳವರ ಎದುರು ಅವರು ಹೇಗೆ ನಡೆದುಕೊಳ್ಳುತ್ತಾರೆ ಎಂದು ನೋಡಬೇಕು. ಆ ಹಕ್ಕನ್ನು ಅಡ್ಡಿಯೆಂದು ಬಗೆಯುವವರು ಎಂಥ ಶೂರರಾಗಿದ್ದರೂ ಆಡಳಿತಕ್ಕೆ ತಕ್ಕವರಲ್ಲ.