ಹಳೆಯ ಕಟ್ಟಡಕ್ಕೆ ಹೊಸ ಅನುದಾನ: ಲೆಕ್ಕದಲ್ಲಿ ಬಿಟ್ಟುಹೋದ ಒಂದು ಬಾಬ್ತು

ಧಾರವಾಡದ ಕರ್ನಾಟಕ ಕಾಲೇಜಿನ ಹಳೆಯ ಕಲ್ಲುಕಟ್ಟಡ ಮೂಲತಃ ವಿದ್ಯಾಲಯಕ್ಕೆಂದು ಕಟ್ಟಿದ್ದಲ್ಲ. ಅದು ಸದರ್ನ್ ಮರಾಠಾ ರೈಲ್ವೆ ಕಂಪನಿಯ ಪ್ರಧಾನ ಕಚೇರಿಯಾಗಿತ್ತು. ಕುಡಚಿ, ರಾಯಬಾಗ, ಚಿಕ್ಕೋಡಿ ರೋಡ್ ನಿಲ್ದಾಣಗಳ ಮೂಲಕ ಹಾದುಹೋಗುವ ರೈಲುಮಾರ್ಗವನ್ನು ಹಾಕಿದ್ದು ಇದೇ ಕಂಪನಿ. 1908ರಲ್ಲಿ ಅದು ಮದ್ರಾಸ್ ರೈಲ್ವೆಯೊಡನೆ ವಿಲೀನಗೊಂಡು ಪ್ರಧಾನ ಕಚೇರಿ ಮದ್ರಾಸಿಗೆ ಹೋಯಿತು. ತೆರವಾದ ಕಟ್ಟಡಕ್ಕೆ, 1917ರಲ್ಲಿ ಆರಂಭಗೊಂಡ ಕಾಲೇಜು ಬಂದು ನೆಲೆಸಿತು. ಮುಂದೆ ಅದು 1949ರಲ್ಲಿ ಸ್ಥಾಪಿತವಾದ ಕರ್ನಾಟಕ ವಿಶ್ವವಿದ್ಯಾಲಯದ ಸ್ವಂತ ಕಾಲೇಜಾಯಿತು.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ವರ್ತಕರಿಗೆ ಇದು ದೂರದ ಸಂಗತಿ ಎನಿಸಬಹುದು. 2010ರಲ್ಲಿ ಬೆಳಗಾವಿಯಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಧಾರವಾಡದ ಗೊಡವೆ ಏಕೆ ಎಂಬ ಪ್ರಶ್ನೆ ಸಹಜವೇ. ಆದರೆ ಈ ಭಾಗದಲ್ಲಿ ಐವತ್ತು ದಾಟಿದ ಅನೇಕ ಪದವೀಧರ ವ್ಯಾಪಾರಸ್ಥರ ಗೋಡೆಯ ಮೇಲೆ ತೂಗುತ್ತಿರುವುದು ಕರ್ನಾಟಕ ವಿಶ್ವವಿದ್ಯಾಲಯದ ಪ್ರಮಾಣಪತ್ರವೇ. ಅದಕ್ಕಿಂತ ಮುಖ್ಯವಾದುದು, ಇಂತಹ ಕಟ್ಟಡಗಳ ಜೀರ್ಣೋದ್ಧಾರಕ್ಕೆ ವ್ಯಯವಾಗುವುದು ತೆರಿಗೆದಾರರ ಹಣ.

ಜೀರ್ಣೋದ್ಧಾರಕ್ಕೆ ಹಣ ಬೇಕೇ ಎಂಬ ಬಗ್ಗೆ ಚರ್ಚೆ ಅನಗತ್ಯ. 2022ರ ಅಕ್ಟೋಬರ್‌ನಲ್ಲಿ ಮೈಸೂರಿನ ಮಹಾರಾಣಿ ವಿಜ್ಞಾನ ಕಾಲೇಜಿನ ಹಳೆಯ ಕಟ್ಟಡದ ಪ್ರಯೋಗಾಲಯದ ಭಾಗ ಕುಸಿದುಬಿತ್ತು. ಅದಕ್ಕೆ ಹತ್ತು ವರ್ಷ ಹಿಂದೆ, 2012ರಲ್ಲಿ, ಅದೇ ನಗರದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜೀವಹಾನಿಯಾಯಿತು. ಅಲ್ಲಿ ಇದ್ದುದು ಅಂಗಡಿಗಳು ಎಂಬುದನ್ನು ವರ್ತಕರು ಮರೆಯಬಾರದು.

ಪ್ರಶ್ನೆ ಇರುವುದು ಹಣ ನೀಡುವ ರೀತಿಯಲ್ಲಿ. ಮೈಸೂರು ವಿಶ್ವವಿದ್ಯಾಲಯದ ಜಯಲಕ್ಷ್ಮಿ ವಿಲಾಸ ಭವನ 1905ರ ಸುಮಾರಿಗೆ ನಿರ್ಮಾಣವಾದದ್ದು. ಈ ಶತಮಾನದ ಆರಂಭದಲ್ಲಿ ಇನ್ಫೋಸಿಸ್ ಪ್ರತಿಷ್ಠಾನದ 1 ಕೋಟಿಗೂ ಮೀರಿದ ನೆರವಿನಿಂದ ಅದರ ಜೀರ್ಣೋದ್ಧಾರ ನಡೆಯಿತು. ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಭವನ ಮತ್ತೆ ಶಿಥಿಲಗೊಂಡು ಮತ್ತೊಮ್ಮೆ ಹಣ ಹೊಂದಿಸಬೇಕಾಯಿತು. ಜೀರ್ಣೋದ್ಧಾರ ಮುಗಿದ ಮರುವರ್ಷದಿಂದ ಮಳೆಗಾಲಕ್ಕೆ ಮುನ್ನ ಹಂಚು ತಿರುವಿಹಾಕುವ, ದೋಣಿ-ಕೊಳವೆ ಶುಚಿ ಮಾಡುವ, ಗೋಡೆಯಲ್ಲಿ ಮೊಳೆತ ಅರಳಿ ಸಸಿ ಕೀಳುವ ಖರ್ಚು ಯಾರ ತಲೆಯ ಮೇಲೆ? ಅನುದಾನದ ಆದೇಶಗಳು ಸಾಮಾನ್ಯವಾಗಿ ಕಾಮಗಾರಿಗೆ ಸೀಮಿತ. ಹಣ ಬಳಕೆ ಪ್ರಮಾಣಪತ್ರ ಸಲ್ಲಿಕೆಯಾದೊಡನೆ ಕಡತ ಮುಚ್ಚುತ್ತದೆ. ನಿವೃತ್ತಿವೇತನ ಪಾವತಿಗೇ ಪರದಾಡುವ ಹಳೆಯ ವಿಶ್ವವಿದ್ಯಾಲಯ ತನ್ನ ಆದಾಯದಿಂದ ಹಂಚು ಹೊದಿಸೀತೆಂದು ನಿರೀಕ್ಷಿಸುವುದು ವ್ಯರ್ಥ. ಸಣ್ಣ ಕಾರ್ಖಾನೆಯ ಮಾಲೀಕನೂ ಯಂತ್ರ ಕೊಂಡ ದಿನದಿಂದಲೇ ಸವಕಳಿ ಬರೆಯುತ್ತಾನೆ, ಎಣ್ಣೆ-ಬೆಲ್ಟುಗಳಿಗೆ ಹಣ ತೆಗೆದಿಡುತ್ತಾನೆ. ಸಾರ್ವಜನಿಕ ಕಟ್ಟಡಕ್ಕೆ ಮಾತ್ರ ಈ ಬಾಬ್ತು ಇಲ್ಲ.

ಕೈಗೆ ಸಿಗುವ ಮೊತ್ತವೂ ಘೋಷಣೆಯಷ್ಟು ಇರುವುದಿಲ್ಲ. ಇಂತಹ ಕಾಮಗಾರಿ ಗುತ್ತಿಗೆಗೆ ಶೇ. 18ರಷ್ಟು ಜಿಎಸ್‌ಟಿ ಅನ್ವಯಿಸುತ್ತದೆ. ಶಿಕ್ಷಣ ಸೇವೆಗೆ ತೆರಿಗೆ ವಿನಾಯಿತಿ ಇರುವುದರಿಂದ ವಿಶ್ವವಿದ್ಯಾಲಯಕ್ಕೆ ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ. ತೆರಿಗೆ ಸೇರಿ 1 ಕೋಟಿ ರೂಪಾಯಿಯ ಗುತ್ತಿಗೆಯಲ್ಲಿ 15 ಲಕ್ಷ 25 ಸಾವಿರ ತೆರಿಗೆಗೇ ಹೋಗಿ, ನಿಜವಾದ ಕೆಲಸಕ್ಕೆ ಉಳಿಯುವುದು 84 ಲಕ್ಷ 75 ಸಾವಿರ ಮಾತ್ರ. ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ಪಡೆಯುವ ಈ ಕ್ರಮದ ಬಗ್ಗೆ ಯಾವ ಆಯವ್ಯಯ ಭಾಷಣದಲ್ಲೂ ಚಕಾರವಿಲ್ಲ.

ಇನ್ನು ಟೆಂಡರ್. 1999ರ ಪಾರದರ್ಶಕ ಅಧಿನಿಯಮ ಅಗತ್ಯವಾದದ್ದೇ. ಆದರೆ ಹಳೆಯ ಕಲ್ಲುಗೋಡೆಗೆ ಸುಣ್ಣದ ಗಾರೆಯೇ ತಕ್ಕದ್ದು. ಸಿಮೆಂಟು ಬಳಿದರೆ ತೇವ ಒಳಗೇ ಉಳಿದು ಕಲ್ಲು ಸವೆಯುತ್ತದೆ. ಅಳಲೆಕಾಯಿಯ ರಸ, ಬೆಲ್ಲ ಬೆರೆಸಿ ಗಾರೆ ಅರೆಯಬಲ್ಲ ಕುಶಲಕರ್ಮಿ ಕಡಿಮೆ ದರದ ಪೈಪೋಟಿಯಲ್ಲಿ ಗೆಲ್ಲುವುದು ಕಷ್ಟ. (ಬೆಲ್ಲಕ್ಕೇನೋ ಈ ಭಾಗದಲ್ಲಿ ಕೊರತೆಯಿಲ್ಲ!) ಆದ್ದರಿಂದ ಮೊದಲು ತಾಂತ್ರಿಕ ಅರ್ಹತೆಯನ್ನು ಕಟ್ಟುನಿಟ್ಟಾಗಿ ತೂಗಿ, ಬಳಿಕ ದರದ ಲಕೋಟೆ ತೆರೆಯುವುದು ಲೇಸು.

ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ನಿಧಿಯಿಂದ ಇದನ್ನು ಭರಿಸಬಹುದೆಂಬ ಸಲಹೆಯೂ ಇದೆ. 2013ರ ಕಂಪನಿ ಕಾಯ್ದೆ ಐತಿಹಾಸಿಕ ಕಟ್ಟಡಗಳ ಪುನಶ್ಚೇತನಕ್ಕೆ ಅವಕಾಶ ನೀಡಿರುವುದು ನಿಜ. ಆದರೆ ಆ ಹೊಣೆ ಕಾಯ್ದೆಯ ಮಿತಿಗೆ ಒಳಪಡುವ ಕಂಪನಿಗಳಿಗೆ ಮಾತ್ರ. ಈ ಐದು ತಾಲೂಕುಗಳ ಸಹಕಾರಿ ಸಕ್ಕರೆ ಕಾರ್ಖಾನೆಗಳು ಅದರ ವ್ಯಾಪ್ತಿಗೆ ಬರುವುದಿಲ್ಲ. ಸಣ್ಣ ಉದ್ದಿಮೆಗಳಂತೂ ಬರುವುದೇ ಇಲ್ಲ. ಮುಖ್ಯ ಹೊರೆ ಸರ್ಕಾರದ್ದೇ.

ಮುಂದಿನ ಆಯವ್ಯಯಕ್ಕೆ ಮುನ್ನ ವಾಣಿಜ್ಯ ಸಂಘಗಳು ಸಲ್ಲಿಸುವ ಮನವಿಯಲ್ಲಿ ಈ ಒಂದು ಷರತ್ತಿಗೆ ಒತ್ತಾಯಿಸುವುದು ಉಚಿತ: ಹಳೆಯ ಕಟ್ಟಡಕ್ಕೆ ನೀಡುವ ಪ್ರತಿ ಅನುದಾನದ ಹತ್ತನೆಯ ಒಂದು ಭಾಗವನ್ನು ಮುಟ್ಟಬಾರದ ಮೂಲಧನವಾಗಿ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಠೇವಣಿ ಇಡಬೇಕು. ಬಡ್ಡಿ ಶೇ. 7 ಎಂದು ಹಿಡಿದರೆ 10 ಲಕ್ಷಕ್ಕೆ ವರ್ಷಕ್ಕೆ 70 ಸಾವಿರ ಬರುತ್ತದೆ. ಹಂಚು, ಕೊಳವೆ, ಸುಣ್ಣದ ತೇಪೆಗಳಂತಹ ಸಣ್ಣ ಕೆಲಸಗಳನ್ನು ಆರಂಭಿಸಲು ಅದು ಸಾಕು. ಆ ಖಾತೆಯ ಜಮಾ-ಖರ್ಚನ್ನು ಪ್ರತಿ ವರ್ಷ ಜೂನ್‌ಗೆ ಮುಂಚೆ ವಿಶ್ವವಿದ್ಯಾಲಯದ ಸೂಚನಾ ಫಲಕದಲ್ಲಿ ಪ್ರಕಟಿಸಬೇಕು. ಕಂತು ಖರ್ಚಾಗದೆ ಉಳಿದಿದ್ದರೆ ಅದಕ್ಕೆ ಕಾರಣವನ್ನೂ ಬರೆಯಬೇಕು.